ಪುಣೆಯಲ್ಲಿ ನಿಮ್ಮ ಓಣಿಯ 300 ಮೀಟರ್ ಸರಿ ಮಾಡಿಸ್ಕೊಳ್ಳೋದು ಹೇಗೆ

ಮೊನ್ನೆ ಗಣೇಶನಗರದ ಕನ್ನಡ ಸಂಘದಲ್ಲಿ ಕಾರ್ಯಕ್ರಮ ಮುಗಿಸ್ಕೊಂಡು ಹೊರಗೆ ಬಂದು ಚಪ್ಪಲಿ ಹುಡುಕ್ತಾ ಇದ್ದೆ, ಅಲ್ಲೇ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು. ನಿಮ್ಮ ಓಣೀಲಿ ಫುಟ್‌ಪಾತ್ ಅಷ್ಟು ಚೊಕ್ಕ ಹೇಗಾಯ್ತು, ಯಾರಾದ್ರೂ ನಗರಸೇವಕರ (ಕಾರ್ಪೊರೇಟರ್) ಪರಿಚಯ ಇದೆಯಾ ಅಂತ. ಯಾರ ಪರಿಚಯಾನೂ ಇಲ್ರಿ. ಒಂದು ಅಳತೆ ಟೇಪು, ಒಂದು ಅರ್ಜಿ, ಸುಮಾರು ಎರಡು ವರ್ಷದ ತಾಳ್ಮೆ, ಅಷ್ಟೇ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಓದಿ.

ಮೊದಲನೇದಾಗಿ ಇಡೀ ಪುಣೆ ಉದ್ಧಾರ ಮಾಡ್ತೀನಿ ಅಂತ ಹೊರಡಬೇಡಿ. 300 ಮೀಟರ್ ಆರಿಸ್ಕೊಳ್ಳಿ. ಯಾವ 300 ಅಂದ್ರೆ ನಿಮ್ಮ ಮನೇಲಿ ಎಲ್ಲರಿಗಿಂತ ನಿಧಾನ ನಡೆಯೋರು ದಿನಾ ಹೋಗ್ಲೇಬೇಕಾದ ದಾರಿ. ನಮ್ಮ ಮನೇಲಿ ಅದು ನಮ್ಮವ್ವ. 76 ವಯಸ್ಸು, ಧಾರವಾಡದಲ್ಲಿ ಲೈನ್ ಬಜಾರಿಗೆ ಒಬ್ಬಳೇ ಹೋಗಿ ಬರ್ತಿದ್ದೋಳು, ಇಲ್ಲಿ ಕೋಥ್ರೂಡಿಗೆ ಬಂದ ಮೇಲೆ ಮೂರು ತಿಂಗಳು ಗೇಟು ದಾಟ್ಲಿಲ್ಲ. ನಾವು ಮೊಣಕಾಲು ನೋವು ಅಂದ್ಕೊಂಡು ಎಣ್ಣೆ, ಬೆಲ್ಟು, ಗುಳಿಗೆ ಎಲ್ಲಾ ತಂದುಕೊಟ್ವಿ. ಒಂದಿನ ಅವಳ ಜೊತೆ ಭಾಜಿ ಮಾರುವ ಕಟ್ಟೆ ತನಕ ನಡೆದೆ. ಅರ್ಧ ದಾರೀಲಿ ನಿಂತು ಹೇಳಿದ್ಲು, "ಮೊಣಕಾಲ ಅಲ್ಲೋ ತಮ್ಮಾ, ಈ ಇಳಿಯೂದು ಏರೂದು ಸಾಕಾತು ನನಗ." ಎಣಿಸಿದೆ. 300 ಮೀಟರಲ್ಲಿ 14 ಸಲ ಫುಟ್‌ಪಾತಿಂದ ಇಳೀಬೇಕು, 14 ಸಲ ಏರ್ಬೇಕು. ಪ್ರತಿ ಸೊಸೈಟಿ (ಅಪಾರ್ಟ್‌ಮೆಂಟ್) ಗೇಟಿನ ಮುಂದೆ ಫುಟ್‌ಪಾತ್ ಕಡಿದು ಕಾರಿಗೆ ದಾರಿ ಬಿಟ್ಟಿದ್ದಾರೆ. ಕಾರಿಗೆ ಇಂಜಿನ್ ಇದೆ, ಅವ್ವಗೆ ಇಲ್ಲ, ಆದ್ರೂ ಇಳಿದು ಏರೋಳು ಅವ್ವನೇ. ಅವತ್ತಿಂದ ನನ್ನ ತಲೇಲಿ ಕೂತಿರೋದು ಇದೊಂದೇ, ಫುಟ್‌ಪಾತ್ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಹೋಗ್ಬೇಕು, ಕಾರು ಬೇಕಾದ್ರೆ ಮೆಲ್ಲಗೆ ಏರಿ ಇಳೀಲಿ. ಅರ್ಜೀಲಿ ಒಂದೇ ವಿಷಯ ಬರಿಯೋಕೆ ಜಾಗ ಇದ್ರೆ ಇದನ್ನೇ ಬರೀರಿ.

ಸರಿ, ದಾರಿ ಆರಿಸಿದ್ಮೇಲೆ ನಾಲ್ಕು ಸಲ ನಡೀರಿ. ಬೆಳಿಗ್ಗೆ ಶಾಲೆ ಬಸ್ ಟೈಮಿಗೆ, ಮಧ್ಯಾಹ್ನ ಬಿಸಿಲಲ್ಲಿ, ರಾತ್ರಿ ಒಂಬತ್ತಕ್ಕೆ, ಇನ್ನೊಂದು ಸಲ ಜುಲೈ ಮಳೇಲಿ. ಮಳೇದು ತಪ್ಪಿಸ್ಬೇಡಿ ಯಾಕಂದ್ರೆ ಬೇಸಿಗೇಲಿ ಚೆನ್ನಾಗಿ ಕಾಣೋ ಪೇವರ್ ಬ್ಲಾಕ್ ಮಳೇಲಿ ಪಾಚಿ ಕಟ್ಟಿ ಜಾರುತ್ತೆ, ನೀರು ಎಲ್ಲಿ ನಿಲ್ಲುತ್ತೆ ಅನ್ನೋದೂ ಆಗಲೇ ಗೊತ್ತಾಗೋದು. ಕೈಯಲ್ಲಿ 5 ಮೀಟರಿನ ಟೇಪು, ಒಂದು ನೋಟ್‌ಬುಕ್, ಮೊಬೈಲು. ಫೋಟೋ ತೆಗೀವಾಗ ಟೇಪು ಇಟ್ಟೇ ತೆಗೀರಿ. ಸುಮ್ನೆ "ಫುಟ್‌ಪಾತ್ ತುಂಬಾ ಕೆಟ್ಟಿದೆ" ಅಂದ್ರೆ ಇಂಜಿನಿಯರ್ ತಲೆ ಆಡಿಸಿ ಕಳಿಸ್ತಾರೆ, "ಔಷಧಿ ಅಂಗಡಿ ಮುಂದೆ ನಡಿಯೋ ಜಾಗ 70 ಸೆಂಟಿಮೀಟರ್" ಅಂದ್ರೆ ಪೆನ್ನು ತೆಗೀತಾರೆ, ಇದು ನಾನು ಕಣ್ಣಾರೆ ನೋಡಿದ್ದು.

ಯಾವ ಅಳತೆಗೆ ಹೋಲಿಸ್ಬೇಕು ಅಂದ್ರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ (ಹೆಸರು ಕೇಳಿ ರಾಜಕೀಯ ಅಂದ್ಕೋಬೇಡಿ, ರಸ್ತೆ ಇಂಜಿನಿಯರುಗಳದ್ದು), ಅವರ 103ನೇ ನಂಬರಿನ ನಿಯಮಾವಳಿ ಪಾದಚಾರಿಗಳಿಗೇ ಮೀಸಲು. ಅದರ ಪ್ರಕಾರ ಅಡ್ಡ ಏನೂ ಇಲ್ಲದ ನಡಿಯೋ ಜಾಗ ಕನಿಷ್ಠ 1.8 ಮೀಟರ್ ಅಗಲ, ಎತ್ತರದಲ್ಲಿ 2.2 ಮೀಟರ್ ತನಕ ಕೊಂಬೆ ಬೋರ್ಡು ಏನೂ ತಲೆಗೆ ಹೊಡೀಬಾರದು. 1.8 ಯಾಕಂದ್ರೆ ಎದುರುಬದರು ಬರೋ ಎರಡು ವೀಲ್‌ಚೇರ್ ದಾಟ್ಕೊಂಡು ಹೋಗೋಕೆ ಅಷ್ಟು ಬೇಕು. ಫುಟ್‌ಪಾತ್ ಎತ್ತರ 15 ಸೆಂಟಿಮೀಟರ್ ದಾಟಬಾರದು. ನಮ್ಮ ಓಣೀಲಿ ಒಂದು ಕಡೆ 31 ಇತ್ತು, ರಸ್ತೆ ಅಗೆದಾಗೆಲ್ಲ ಫುಟ್‌ಪಾತ್ ಮೇಲೊಂದು ಪದರ ಹಾಕ್ತಾ ಹಾಕ್ತಾ ಅದು ಕಟ್ಟೆ ಆಗಿಬಿಟ್ಟಿತ್ತು, ಪುಣೇರಿ ಅಜ್ಜಂದಿರು ಪೇಪರ್ ಓದೋಕೆ ಕೂರ್ತಿದ್ರು.

ರ‍್ಯಾಂಪ್ ವಿಷಯದಲ್ಲಿ ಎಲ್ಲರೂ ಮೋಸ ಹೋಗ್ತಾರೆ. ಲೆಕ್ಕ ಸುಲಭ, ಒಂದಕ್ಕೆ ಹನ್ನೆರಡು. 15 ಸೆಂಟಿಮೀಟರ್ ಏರ್ಬೇಕಂದ್ರೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಕೆಲವು ಕಡೆ ಎರಡು ಬುಟ್ಟಿ ಸಿಮೆಂಟು ಸುರಿದು ಮೊಳದುದ್ದದ ಜಾರುಬಂಡೆ ಮಾಡಿ ಇದೇ ರ‍್ಯಾಂಪ್ ಅಂತಾರೆ, ಅದರಲ್ಲಿ ವೀಲ್‌ಚೇರ್ ಹತ್ತೋದಿಲ್ಲ, ಹಿಂದಕ್ಕೆ ಮಗುಚುತ್ತೆ. ಹಳದಿ ಉಬ್ಬು ಟೈಲ್ಸ್ ಇರ್ತವಲ್ಲ, ಅದು ಅಲಂಕಾರ ಅಲ್ಲ, ಕಣ್ಣು ಕಾಣದವರಿಗೆ ದಾರಿ, ಉದ್ದ ಗೆರೆ ಇದ್ರೆ ಮುಂದೆ ನಡಿ ಅಂತ, ಚುಕ್ಕಿ ಇದ್ರೆ ನಿಲ್ಲು ಮುಂದೆ ಏನೋ ಇದೆ ಅಂತ. ನಮ್ಮ ಕಡೆ ಗೆರೆ ಸೀದಾ ಹೋಗಿ ಒಂದು ಲೈಟ್ ಕಂಬಕ್ಕೆ ಗುದ್ದಿತ್ತು. ಇಂಥದ್ದು ಸಿಕ್ರೆ ಫೋಟೋ ಖಂಡಿತ ತೆಗೀರಿ, ಇಡೀ ಅರ್ಜೀಲಿ ಎಲ್ಲರೂ ಮೊದಲು ನೋಡೋದು ಅದನ್ನೇ.

ರಸ್ತೆ ದಾಟೋದನ್ನೂ ಅಳೀರಿ. ಸಿಗ್ನಲ್ ಲೆಕ್ಕ ಹಾಕೋರು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಹಿಡಿತಾರೆ. ಅವ್ವಗೆ 10 ಮೀಟರಿಗೆ 15 ಸೆಕೆಂಡ್ ಬೇಕಾಯ್ತು. ಅಂದ್ರೆ 18 ಮೀಟರ್ ರಸ್ತೆಗೆ ಅವರ ಲೆಕ್ಕದಲ್ಲಿ 15 ಸೆಕೆಂಡ್ ಸಾಕು, ಅವ್ವಗೆ 27. ಉಳಿದ 12 ಸೆಕೆಂಡ್ ಅವಳು ರಿಕ್ಷಾಗಳ ಮಧ್ಯೆ ನಿಂತಿರ್ತಾಳೆ. ಇದಕ್ಕೆ ಎರಡೇ ದಾರಿ, ಟೈಮ್ ಜಾಸ್ತಿ ಮಾಡೋದು ಅಥವಾ ರಸ್ತೆ ನಡುವೆ ನಿಂತು ಉಸಿರು ತಗೊಳ್ಳೋಕೆ ಒಂದು ಕಟ್ಟೆ ಕೊಡೋದು. ಈ ಭಾಗದ ಒಂದು ಕಾಪಿ ಟ್ರಾಫಿಕ್ ಪೊಲೀಸರಿಗೂ ಕೊಡಿ.

ಅಳತೆ ಆಯ್ತು, ಈಗ ಮಾತಾಡ್ಬೇಕು. ಸೊಸೈಟಿ ಮೀಟಿಂಗಲ್ಲಿ ಅಲ್ಲ, ಅಲ್ಲಿ ಪಾರ್ಕಿಂಗ್ ಬಿಟ್ಟು ಬೇರೆ ವಿಷಯ ಬರೋದಿಲ್ಲ. ರಾತ್ರಿ ಒಂಬತ್ತಕ್ಕೆ ಅಡುಗೆ ಕೆಲಸ ಮುಗಿಸಿ ಬಸ್ ಸ್ಟಾಪಿಗೆ ಹೋಗೋ ಮಾವಶಿಯನ್ನ (ಮರಾಠೀಲಿ ಚಿಕ್ಕಮ್ಮ) ಕೇಳಿ, ಯಾವ ಕಡೆ ನಡೀತೀರಿ, ಯಾಕೆ ಆ ಕಡೆ ಅಂತ. ನಮ್ಮ ಓಣೀಲಿ ಅವರೆಲ್ಲ ಅಗಲ ಫುಟ್‌ಪಾತ್ ಬಿಟ್ಟು ಎದುರುಗಡೆ ಕೆಟ್ಟ ಫುಟ್‌ಪಾತಿನ ಮೇಲೇ ಹೋಗ್ತಿದ್ರು, ಕಾರಣ ಅಲ್ಲಿ ಹೂವಿನ ಮಾವಶಿ ಹತ್ತರ ತನಕ ಬಲ್ಬ್ ಹಾಕ್ಕೊಂಡು ಕೂತಿರ್ತಾಳೆ. ಈ ಕಡೆ ಕಂಬ ಇದೆ, ಲೈಟು ಮಾತ್ರ ಮಳೆಮರದ ಕೊಂಬೆಗಳ ಮೇಲೆ ಉರೀತದೆ, ಕೆಳಗೆ ಕತ್ತಲು. ಇದಕ್ಕೆ ಮರ ಕಡೀಬೇಕು ಅಂತ ಯಾರಾದ್ರೂ ಅಂದ್ರೆ ಸುತರಾಂ ಒಪ್ಪಬೇಡಿ, ಕೊಂಬೆಯ ಕೆಳಗೆ ಬರೋ ಹಾಗೆ ಗಿಡ್ಡ ಕಂಬ ಕೇಳಿ. ಮಹಾರಾಷ್ಟ್ರದಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಕಡಿಯೋ ಹಾಗಿಲ್ಲ. ಬುಡದ ಸುತ್ತ ಒಂದು ಮೀಟರ್ ಆದ್ರೂ ಸಿಮೆಂಟು ಹಾಕದೆ ಮಣ್ಣು ಬಿಡಿ ಅಂತ ಅರ್ಜೀಲೂ ಸೇರಿಸಿ, ಇಲ್ಲಾಂದ್ರೆ ಬೇರಿಗೆ ನೀರಿಲ್ಲದೆ ಯಾವುದೋ ಜೂನ್ ಗಾಳಿಗೆ ಮರ ಕಾರಿನ ಮೇಲೆ ಬೀಳುತ್ತೆ, ಆಮೇಲೆ ಮರಕ್ಕೇ ಬೈತೀವಿ.

ಹೂವಿನ ಮಾವಶಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಫುಟ್‌ಪಾತ್ ಅಂದ ತಕ್ಷಣ ನಮ್ಮ ಜನಕ್ಕೆ ಮೊದಲು ಬರೋ ಐಡಿಯಾನೇ ಮಾರೋರನ್ನ ಎಬ್ಬಿಸೋದು. ನಂಗೆ ಇದು ಸರಿ ಕಾಣಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗದ ಹಕ್ಕು ಕೊಟ್ಟಿದೆ, ಊರಿನ ವೆಂಡಿಂಗ್ ಕಮಿಟೀಲಿ (ಬೀದಿ ವ್ಯಾಪಾರದ ವಿಷಯ ನೋಡೋ ಸಮಿತಿ) ಕನಿಷ್ಠ 40 ಪರ್ಸೆಂಟ್ ವ್ಯಾಪಾರಿಗಳೇ ಇರ್ಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಮಾವಶಿಯ ಬುಟ್ಟಿ, ಮಣೆ, ಛತ್ರಿ ಎಲ್ಲಾ ಸೇರಿ ಅಳೆದೆ, 1.2 ಮೀಟರ್‌ಗೆ 80 ಸೆಂಟಿಮೀಟರ್. ಅವಳ ಪಕ್ಕದಲ್ಲೇ ದಿನಾ ನಿಲ್ಲೋ ಒಂದು ಕಾರಿನ ಜಾಗದಲ್ಲಿ ಅಂಥ ಏಳೆಂಟು ಮಾವಶಿಯರು ಕೂರಬಹುದು. ಫುಟ್‌ಪಾತ್ ಅಂದ್ರೆ ಮೂರು ಪಟ್ಟಿ ಅಂತ ಲೆಕ್ಕ ಹಾಕಿ, ಗೋಡೆ ಪಕ್ಕದ ಚೂರು ಜಾಗ, ನಡುವೆ ನಡಿಯೋಕೆ, ರಸ್ತೆ ಅಂಚಿಗೆ ಮರ, ಕಂಬ, ಬೆಂಚು, ಮಾರೋರು. ಎಲ್ಲಾ ಅಂಚಿನ ಪಟ್ಟೀಲಿ ಒಂದೇ ಸಾಲಿಗೆ ಬಂದ್ರೆ ನಡುವಿನದ್ದು ತಾನಾಗೇ ಖಾಲಿ ಆಗುತ್ತೆ.

ಬೆಂಚು ಕೇಳಿ, ಜಗಳ ಆಗುತ್ತೆ ಅಂತ ಗೊತ್ತಿದ್ದೂ ಕೇಳಿ. "ಹುಡುಗ್ರು ಬಂದು ಕೂರ್ತಾರೆ" ಅಂತ ಹೇಳೋರು ಇದ್ದೇ ಇರ್ತಾರೆ, ಕೂರ್ಲಿ ಬಿಡ್ರಿ, ಅದಕ್ಕೇ ಅಲ್ವಾ ಬೆಂಚು. ಸುಮಾರು 45 ಸೆಂಟಿಮೀಟರ್ ಎತ್ತರ, ಬೆನ್ನಿಗೆ ಆಸರೆ, ಪಕ್ಕದಲ್ಲಿ ಕೈ ಊರೋಕೆ ಹಿಡಿ. ಹಿಡಿ ಇಲ್ಲದ ಬೆಂಚಲ್ಲಿ ಅವ್ವ ಕೂರ್ತಾಳೆ, ಏಳೋಕೆ ಆಗೋಲ್ಲ. ಅವಳು ಒಂದೇ ಉಸಿರಿಗೆ ನಡಿಯೋದು 120 ಹೆಜ್ಜೆ, ಅದನ್ನೇ ಅಳೆದು ಬೆಂಚಿನ ಜಾಗ ಗುರುತು ಹಾಕಿದ್ವಿ. ನೆರಳಿರೋ ಕಡೆ ಹಾಕ್ಸಿ, ಏಪ್ರಿಲಲ್ಲಿ ಬಿಸಿಲಿಗೆ ಬಿದ್ದ ಕಬ್ಬಿಣದ ಬೆಂಚು ಅಂದ್ರೆ ಹಂಚು.

ಇನ್ನು ನಾನು ಮಾಡಿದ ಎಡವಟ್ಟು. ಮೊದಲನೇ ಸಲ ಅರ್ಜೀಲಿ "ಬೈಕ್ ಹತ್ತದ ಹಾಗೆ ಫುಟ್‌ಪಾತಿನ ಬಾಯಿಗೆ ಕಂಬ ಹಾಕಿ" ಅಂತ ಬರೆದೆ, ಎಷ್ಟು ಅಂತರ ಅಂತ ಬರೀಲಿಲ್ಲ. ಹಾಕಿದ್ರು, ಗಟ್ಟಿಯಾಗೇ ಹಾಕಿದ್ರು, 55 ಸೆಂಟಿಮೀಟರಿಗೊಂದು. ಬೈಕ್ ನಿಂತ್ವು ನಿಜ, ಆದ್ರೆ ಎದುರು ಬಿಲ್ಡಿಂಗಿನ ವೀಲ್‌ಚೇರ್ ಹುಡುಗಿ ಮಾರನೇ ದಿನ ಕಂಬದ ಮುಂದೆ ಬಂದು ನಿಂತು, ನನ್ನ ಕಡೆ ಒಂದ್ಸಲ ನೋಡಿ, ಏನೂ ಅನ್ನದೆ ಗಾಡಿ ತಿರುಗಿಸಿ ರಸ್ತೆಗೆ ಇಳಿದ್ಲು. ತಪ್ಪು ಪೂರ್ತಿ ನಂದೇ, ಅವಳನ್ನ ಕೇಳದೆ ಬರೆದಿದ್ದೆ. ಒಂದು ಕಂಬ ತೆಗೆಸೋಕೆ ಏಳು ತಿಂಗಳು ಬೇಕಾಯ್ತು. 1.2 ಮೀಟರ್ ಅಂತರ ಅಂತ ಅಂಕೀಲೇ ಬರೀರಿ, ಒಂದೋ ಎರಡೋ ಬೈಕ್ ನುಗ್ಗಿದ್ರೂ ಪರವಾಗಿಲ್ಲ.

ಈಗ ದುಡ್ಡು. ಪುಣೆ ಮಹಾನಗರಪಾಲಿಕೇಲಿ 2006ರಲ್ಲಿ ಶುರುವಾದ ಒಂದು ಒಳ್ಳೆ ಪದ್ಧತಿ ಇದೆ, ನಾಗರಿಕರೇ ಬಜೆಟ್ಟಿಗೆ ಕೆಲಸ ಸೂಚಿಸೋದು. ಸಾಮಾನ್ಯವಾಗಿ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಅರ್ಜಿ ಕರೀತಾರೆ, ಒಂದು ಕೆಲಸ 5 ಲಕ್ಷದ ಒಳಗಿರ್ಬೇಕು. ಫುಟ್‌ಪಾತ್, ಬೆಂಚು, ಬೀದಿ ದೀಪ, ಬಸ್ ಸ್ಟಾಪ್ ಎಲ್ಲಾ ನಡೆಯುತ್ತೆ. ಹಾಗಾಗಿ 300 ಮೀಟರನ್ನ ತುಂಡು ಮಾಡಿ, ಗೇಟುಗಳ ಮುಂದಿನ ಮಟ್ಟ ಒಂದು ಅರ್ಜಿ, ಬೆಂಚು ಲೈಟು ಇನ್ನೊಂದು. ಅಪ್ಪಿತಪ್ಪಿಯೂ "ಸುಶೋಭೀಕರಣ" (ಅಂದಗೊಳಿಸೋದು) ಅಂತ ಬರೀಬೇಡಿ, ಕಾರಂಜಿ ಬರುತ್ತೆ, ಗೋಡೆಗೆ ಬಣ್ಣ ಬರುತ್ತೆ, ಫುಟ್‌ಪಾತ್ ಅಲ್ಲೇ ಇರುತ್ತೆ.

ಅರ್ಜಿ ಮರಾಠೀಲಿ ಬರೀರಿ. ಹೆದರ್ಕೋಬೇಡಿ, ಅರ್ಧ ಶಬ್ದ ನಮ್ಮವೇ. "ವಿಷಯ: ಪದಪಥ ದುರುಸ್ತೀಬಾಬತ್" ಅಂತ ತಲೆಬರಹ, ಕೆಳಗೆ ಜಾಗ, ಅಳತೆ, ಬೇಕಾದ ಅಳತೆ, ಫೋಟೋ. ಕೊನೇಲಿ 2016ರ ದಿವ್ಯಾಂಗರ ಹಕ್ಕು ಕಾಯ್ದೆಯ ಹೆಸರು ಮತ್ತು ಪುಣೆ ಪಾಲಿಕೆಯದ್ದೇ 2016ರ ಬೀದಿ ವಿನ್ಯಾಸ ಮಾರ್ಗಸೂಚಿಯ ಹೆಸರು ಒಂದೊಂದು ಸಾಲು ಸಾಕು, ಅವರ ಪುಸ್ತಕವನ್ನೇ ಅವರ ಮುಂದಿಟ್ಟ ಹಾಗೆ. ಎರಡು ಕಾಪಿ ಒಯ್ದು ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯದ ಆವಕ್-ಜಾವಕ್ (ಪತ್ರ ತಗೊಳ್ಳೋ) ಕಿಟಕೀಲಿ ಕೊಟ್ಟು ನಿಮ್ಮ ಕಾಪಿ ಮೇಲೆ ನಂಬರ್ ಬರೆಸಿ ಸಿಕ್ಕಾ (ಮೊಹರು) ಹೊಡೆಸ್ಕೊಂಡು ಬನ್ನಿ, ನಂಬರ್ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ. ಉತ್ತರ ಬರ್ಲಿಲ್ಲಾಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಜಗಳದ ಭಾಷೆ ಬೇಡ, "ನನ್ನ ಇಂಥ ನಂಬರಿನ ಅರ್ಜಿ ಈಗ ಯಾರ ಟೇಬಲ್ ಮೇಲಿದೆ" ಅಷ್ಟೇ ಕೇಳಿ.

ಓಣಿಯವರು ಒಪ್ಪದಿದ್ರೆ, ಪಾರ್ಕಿಂಗ್ ಹೋಗುತ್ತೆ ಅಂತ ಗಲಾಟೆ ಮಾಡಿದ್ರೆ, ವಾದ ಮಾಡ್ದೆ ಒಂದು ಸಂಜೆ ಜಂಗಲೀ ಮಹಾರಾಜ್ ರಸ್ತೆಗೆ ಕರ್ಕೊಂಡು ಹೋಗಿ. 1976ರಲ್ಲಿ ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಹಾಕಿದ ಡಾಂಬರು ದಶಕಗಟ್ಟಲೆ ಗುಂಡಿ ಬೀಳದೆ ನಿಂತಿದ್ದಕ್ಕೆ ಆ ರಸ್ತೆ ಹೆಸರುವಾಸಿ, ಈಗ ಅಲ್ಲಿ ಫುಟ್‌ಪಾತ್ ಅಗಲ ಮಾಡಿದ್ದಾರೆ, ಕೂರೋಕೆ ಜಾಗ, ಮಕ್ಕಳು ಆಡೋಕೆ ಜಾಗ ಎಲ್ಲಾ ಇದೆ. ಅಂಗಡಿಯವರಿದ್ರೆ ಡಿಸೆಂಬರ್ 11ಕ್ಕೆ ಲಕ್ಷ್ಮೀ ರೋಡ್ ತೋರಿಸಿ, 2021ರಿಂದ ಪಾದಚಾರಿ ದಿನ ಅಂತ ಅದರ ಒಂದು ಭಾಗಕ್ಕೆ ಗಾಡಿ ಬಿಡೋದಿಲ್ಲ. ನಮ್ಮ ಸೊಸೈಟಿ ಸೆಕ್ರೆಟರಿ ಅಲ್ಲಿ ಅರ್ಧ ಗಂಟೆ ಅಡ್ಡಾಡಿ ಏನೂ ಒಪ್ಕೊಳ್ಳಲಿಲ್ಲ, ಆದ್ರೆ ಮಾರನೇ ವಾರ ಸಹಿ ಹಾಕಿದ್ರು.

ಮಂಜೂರಾಯ್ತು ಅಂತ ಮಲಗಬೇಡಿ, ಕೆಲಸ ಶುರುವಾದ ದಿನ ಟೇಪು ತಗೊಂಡು ಅಲ್ಲೇ ನಿಂತ್ಕೊಳ್ಳಿ, ರಜೆ ಹಾಕಿದ್ರೂ ಪರವಾಗಿಲ್ಲ. ಇಲ್ಲಿ ನಮಗೊಂದು ಅನುಕೂಲ ಇದೆ, ಪುಣೇಲಿ ಫುಟ್‌ಪಾತ್ ಕೆಲಸಕ್ಕೆ ಬರೋರಲ್ಲಿ ವಿಜಯಪುರ ಕಲಬುರಗಿ ಕಡೆಯವರು ಬಹಳ. ನಮ್ಮ ಓಣಿಗೆ ಬಂದ ಗೌಂಡಿ ಸಿಂದಗಿಯವನು. ಕಾಂಟ್ರಾಕ್ಟರ್ ಹೇಳಿದ್ದು ಮೊಳದುದ್ದದ ರ‍್ಯಾಂಪು. ಒಂದಕ್ಕೆ ಹನ್ನೆರಡು ಅಂತ ನಾನು ಮರಾಠೀಲಿ ತಿಣುಕ್ತಾ ಇದ್ದೆ, ಅವ್ವ ಬಂದು "ಯಾವೂರಪಾ ನಿಂದು" ಅಂದ್ಲು. ಐದು ನಿಮಿಷ ಊರಿನ ಮಾತು, ಮಳೆ, ಜೋಳ, ಮಗಳ ಮದುವೆ. ಆಮೇಲೆ ಅವನೇ ದಾರ ಹಿಡಿದು ನೆಲದ ಮೇಲೆ ಸುಣ್ಣದ ಗೆರೆ ಎಳೀತಾ ಕೇಳಿದ, "ಆ ಹುಡುಗಿ ಗಾಡಿ ಎಷ್ಟ ಅಗಲ ಐತ್ರಿ?" ಗಾಡಿಯನ್ನೇ ಕರೆಸಿ ನಿಲ್ಲಿಸಿ ಅಳೆದ್ವಿ. ಸಿಮೆಂಟ್ ಹಾಕಿದ ಮೇಲೆ ಏಳು ದಿನ ಗೋಣಿಚೀಲ ಹೊದಿಸಿ ನೀರು ಹೊಡೀಬೇಕು, ಅದನ್ನ ಯಾರೂ ಬಂದು ಮಾಡೋಲ್ಲ, ಬಕೆಟ್ ನೀವೇ ಇಟ್ಕೊಳ್ಳಿ, ಮತ್ತೆ ಆ ಏಳು ದಿನ ಅದರ ಮೇಲೆ ಬೈಕ್ ಹತ್ತದ ಹಾಗೆ ಅಡ್ಡಲಾಗಿ ಒಂದು ಹಳೇ ಮಂಚನೋ ಬಾಗಿಲೋ ಇಡಿ, ಹಗ್ಗ ಕಟ್ಟಿದ್ರೆ ರಾತ್ರಿ ಕಿತ್ತುಹಾಕ್ತಾರೆ.