ಚನ್ನಪಟ್ಟಣದ ಗೊಂಬೆ ತಗೊಳೋವಾಗ ಏನ್ ನೋಡ್ಬೇಕು

ಬೆಂಗಳೂರಿಂದ ಮೈಸೂರಿಗೆ ಹೋಗೋವಾಗ ಎಕ್ಸ್‌ಪ್ರೆಸ್‌ವೇ ಹಿಡಿದ್ರೆ ಚನ್ನಪಟ್ಟಣ ಮಿಸ್ಸಾಗುತ್ತೆ, ಗೊಂಬೆ ಬೇಕಂದ್ರೆ ಹಳೇ ರೋಡಲ್ಲಿ ಊರೊಳಗೇ ಹೋಗಿ, ಅಂಗಡಿಗಿಂತ ಲೇತ್ (ಮರ ತಿರುಗಿಸಿ ಕಡೆಯೋ ಮೆಷಿನ್) ಓಡ್ತಿರೋ ಪುಟ್ಟ ವರ್ಕ್‌ಶಾಪ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಕೆಲಸ ಕಣ್ಣಾರೆ ನೋಡ್ಬಹುದು.

ಅಸಲಿ ಗೊಂಬೆಗೆ ಬ್ರಷ್‌ನಲ್ಲಿ ಪೇಂಟ್ ಹೊಡೆಯಲ್ಲ. ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಅಂಟ್ಕೊಳ್ಳುತ್ತೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರ್ತಾರೆ. ಹಾಗಾಗಿ ಬಣ್ಣ ಸುತ್ತಲೂ ಒಂದೇ ಸಮ ಕೂತಿರುತ್ತೆ, ಬ್ರಷ್ ಗೆರೆ, ಪೇಂಟ್ ವಾಸ್ನೆ ಇದ್ರೆ ಡೌಟ್ ಪಡಿ (ಕಣ್ಣು ಮೂಗು ಮಾತ್ರ ಕೈಯಲ್ಲೇ ಬರೆದಿರ್ತಾರೆ, ಅದು ಓಕೆ). ಅಸಲಿ ಗೊಂಬೆ ಹೆಚ್ಚಾಗಿ ಹಾಲೆ ಮರದ್ದು, ತುಂಬಾ ಹಗುರ, ಬಿಳಿ ಬಿಳಿ ಇರುತ್ತೆ, ಬಣ್ಣ ಹಾಕದ ಜಾಗ ಇದ್ರೆ ತಿರುಗಿಸಿ ನೋಡಿ.

ಜಿಐ ಟ್ಯಾಗ್ (ಈ ಊರಿಂದೇ ಕಸುಬು ಅನ್ನೋ ಸರ್ಕಾರಿ ಗುರುತು) ಇದೆ ನಿಜ, ಆದ್ರೆ ರಸ್ತೆ ಬದಿ ಅಂಗಡೀಲಿ ಪ್ಲಾಸ್ಟಿಕ್ ಗೊಂಬೆಗಳೂ ಜೊತೇಲೇ ನೇತಾಡ್ತಿರ್ತವೆ. ಪುಟ್ಟ ಮಕ್ಕಳಿಗಾದ್ರೆ ಬಾಯಿಗೆ ಹೋಗೋ ಸಣ್ಣ ಮಣಿ ಇರೋದು ಬೇಡ. ರೇಟಲ್ಲಿ ಜಾಸ್ತಿ ಚೌಕಾಸಿ ಮಾಡ್ಬೇಡಿ ಮಾರಾಯ್ರೇ, ಒಂದು ಕಾಫಿ ದುಡ್ಡಿಗೆಲ್ಲಾ ಯಾಕೆ.

ತಂದ್ಮೇಲೆ ಬಿಸಿಲಲ್ಲಿ ನಿಲ್ಸಿರೋ ಕಾರಲ್ಲಿ ಬಿಡ್ಬೇಡಿ, ಅರಗು ಮೆತ್ತಗಾಗುತ್ತೆ. ಸ್ಯಾನಿಟೈಸರ್ ಹಚ್ಚಿ ಒರೆಸಿದ್ರೂ ಹೊಳಪು ಹೋಗುತ್ತೆ, ಒಣ ಬಟ್ಟೆ ಸಾಕು.