ಗೇಮಿಂಗ್ ಪಿಸಿ ಜೋಡಣೆ: ಬಿಸಿ ಎಷ್ಟು, ಅದು ಹೋಗುವ ದಾರಿ ಯಾವುದು

ಗೇಮಿಂಗ್ ಪಿಸಿಗೆ ಬಿಡಿಭಾಗ ಆರಿಸುವ ಮೊದಲು ಮಾನಿಟರ್ ಯಾವುದೆಂದು ತೀರ್ಮಾನಿಸಿ. 1440ಪಿ (ಪರದೆಯಲ್ಲಿ ಮೇಲಿಂದ ಕೆಳಗೆ 1440 ಚುಕ್ಕೆ ಸಾಲು) ಆದರೆ 12 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್, ಇನ್ನೂ ಸೂಕ್ಷ್ಮವಾದ 4ಕೆ ಆದರೆ 16 ಜಿಬಿ ನೋಡಿ. 4ಕೆಯಲ್ಲಿ ಭಾರವೆಲ್ಲ ಕಾರ್ಡಿನ ಮೇಲೆಯೇ. 1080ಪಿಯಲ್ಲಿ ಸೆಕೆಂಡಿಗೆ ಹೆಚ್ಚು ಫ್ರೇಮ್ (ಚಿತ್ರ) ಬೇಕೆಂದರೆ ಪ್ರೊಸೆಸರ್ ಕೂಡ ಚುರುಕಾಗಿರಬೇಕು.

ಆಮೇಲೆ ವ್ಯಾಟ್ ಲೆಕ್ಕ. ಪಿಸಿ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಆರ್‌ಟಿಎಕ್ಸ್ 4070 ಕಾರ್ಡ್ 200 ವ್ಯಾಟ್, ರೈಜೆನ್ 7 7800ಎಕ್ಸ್3ಡಿ 120 ವ್ಯಾಟ್ ಮಟ್ಟದ ಪ್ರೊಸೆಸರ್. ಈ ಜೋಡಿಗೆ 650 ವ್ಯಾಟ್ ಪವರ್ ಸಪ್ಲೈ ಸಾಕು. ಇಂಥ ಪ್ರೊಸೆಸರಿಗೆ ಪಂಪಿನಿಂದ ದ್ರವ ಹರಿಸಿ ತಂಪು ಮಾಡುವ ಲಿಕ್ವಿಡ್ ಕೂಲರ್ ಬೇಕಿಲ್ಲ, ಫ್ಯಾನ್ ಕಟ್ಟಿದ ಲೋಹದ ಗೋಪುರದಂಥ ಒಳ್ಳೆಯ ಟವರ್ ಏರ್ ಕೂಲರ್ ಧಾರಾಳ. ಪೂರ್ತಿ ಲೋಡ್‌ನಲ್ಲಿ 253 ವ್ಯಾಟ್‌ವರೆಗೆ ಏರುವ ಕೋರ್ ಐ7 14700ಕೆಯಂಥ ಪ್ರೊಸೆಸರಿಗೆ ಮಾತ್ರ ಲಿಕ್ವಿಡ್ ಕೂಲರಿನ 360 ಮಿ.ಮೀ. ರೇಡಿಯೇಟರಿನ (ದ್ರವದ ಬಿಸಿ ಹೊರಹಾಕುವ ಭಾಗ) ಮಾತು ಬರುತ್ತದೆ. ಉಳಿದ ಹಣವನ್ನು ಕಾರ್ಡಿಗೆ ಹಾಕಿ.

ಕ್ಯಾಬಿನೆಟ್ ವಿಷಯದಲ್ಲಿ ರಾಜಿ ಬೇಡ. ಮುಂಭಾಗ ಗಾಜಿನಿಂದ ಮುಚ್ಚಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಅವು ಉಸಿರುಗಟ್ಟುತ್ತವೆ. ಜಾಲರಿ ಇರುವುದನ್ನೇ ಕೊಳ್ಳಿ. ಮುಂದೆ ಗಾಳಿ ಒಳಗೆಳೆಯಲು ಎರಡು ಫ್ಯಾನ್, ಹಿಂದೆ ಹೊರದಬ್ಬಲು ಒಂದು. ಫ್ಯಾನಿನ ಯಾವ ಬದಿಯಲ್ಲಿ ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿವೆಯೋ ಸಾಮಾನ್ಯವಾಗಿ ಗಾಳಿ ಹೊರಬೀಳುವುದು ಆ ಬದಿಯಿಂದ. ಮೇಲ್ಭಾಗದಲ್ಲಿ ಮುಂದಕ್ಕೆ ಎಕ್ಸಾಸ್ಟ್ ಫ್ಯಾನ್ ಕೂರಿಸಬೇಡಿ, ಒಳಬಂದ ತಣ್ಣನೆಯ ಗಾಳಿ ಕೂಲರ್ ಮುಟ್ಟುವ ಮುನ್ನವೇ ಅದು ಹೊರಗೆಳೆದುಬಿಡುತ್ತದೆ. ಟವರ್ ಕೂಲರುಗಳು ಹೆಚ್ಚಾಗಿ 150ರಿಂದ 165 ಮಿ.ಮೀ. ಎತ್ತರವಿರುತ್ತವೆ, ಕ್ಯಾಬಿನೆಟ್ಟಿನ ಮಿತಿ, ಕಾರ್ಡಿನ ಉದ್ದ ಎರಡನ್ನೂ ಮೊದಲೇ ಹೋಲಿಸಿ.

ಲಿಕ್ವಿಡ್ ಕೂಲರೇ ಬೇಕೆಂದರೆ ರೇಡಿಯೇಟರನ್ನು ಮೇಲ್ಭಾಗಕ್ಕೆ ಬಿಗಿಯಿರಿ. ದ್ರವ ಹರಿಯುವ ಇಡೀ ಸುತ್ತಿನಲ್ಲಿ ಪಂಪೇ ಎತ್ತರದಲ್ಲಿದ್ದರೆ ಒಳಗಿನ ಗಾಳಿಗುಳ್ಳೆ ಅಲ್ಲೇ ಸೇರಿ ಗುಳುಗುಳು ಸದ್ದಾಗುತ್ತದೆ, ಪಂಪ್ ಬೇಗ ಸವೆಯುತ್ತದೆ.

ಕೂಲರ್ ಕೂರಿಸುವಾಗ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಪ್ರೊಸೆಸರ್ ಮೇಲೆ ಬಟಾಣಿ ಗಾತ್ರದಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಸಾಕು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಇಲ್ಲವಾದರೆ ಒತ್ತಡ ಒಂದೇ ಕಡೆ ಬೀಳುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಕಡ್ಡಿಗಳು ಪ್ರೊಸೆಸರಿನಿಂದ ಎಣಿಸಿದ 2 ಮತ್ತು 4ನೇ ಸ್ಲಾಟಿಗೆ. ಪಿಸಿಯ ಮೂಲ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯ ವೇಗ ಹೊಂದಿಸುವ ಆಯ್ಕೆ) ಆನ್ ಮಾಡದಿದ್ದರೆ ರ‍್ಯಾಮ್ ಪೂರ್ಣ ವೇಗಕ್ಕೆ ಬರುವುದಿಲ್ಲ. ಕಾರ್ಡಿಗೆ 16 ಪಿನ್ ಕನೆಕ್ಟರ್ ಇದ್ದರೆ ಸಂದು ಕಾಣದಂತೆ ಪೂರ್ತಿ ಒತ್ತಿ. ಕೇಬಲನ್ನು ಬುಡದಿಂದ 35 ಮಿ.ಮೀ. ಒಳಗೆ ಬಾಗಿಸಬೇಡಿ. ಅರ್ಧ ಕೂತ ಪಿನ್ ಕಾದು ಪ್ಲಾಸ್ಟಿಕ್ ಕರಗಿದ್ದುಂಟು.

ಅರ್ಧ ಗಂಟೆ ಭಾರಿ ಗೇಮ್ ಓಡಿಸಿ ತಾಪ ನೋಡಿ. ಕಾರ್ಡ್ 65ರಿಂದ 80 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. ಪ್ರೊಸೆಸರ್ ಕೆಲವೇ ಸೆಕೆಂಡಿನಲ್ಲಿ ತನ್ನ ಮಿತಿ (7800ಎಕ್ಸ್3ಡಿಗೆ 89 ಡಿಗ್ರಿ) ಮುಟ್ಟಿದರೆ ಕೂಲರ್ ಸರಿಯಾಗಿ ತಾಗಿಲ್ಲ, ಇಲ್ಲವೇ ಪಂಪ್ ತಿರುಗುತ್ತಿಲ್ಲ. ನಿಧಾನವಾಗಿ ಏರುತ್ತಾ ಹೋದರೆ ಪಕ್ಕದ ಮುಚ್ಚಳ ತೆಗೆದು ಮತ್ತೆ ಓಡಿಸಿ. ತಾಪ ಚೆನ್ನಾಗಿ ಇಳಿದರೆ ಕೊರತೆ ಗಾಳಿಯದು: ಕೂಲರ್ ಬದಲಿಸಬೇಡಿ, ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಇನ್ನೊಂದು ಫ್ಯಾನ್ ಹಾಕಿ.