ಕೋಣೆಯಲ್ಲಿ ವೈವ್ ಕೂರಿಸಿದ್ದು: ಬೇಸ್ ಸ್ಟೇಷನ್, ಗೋಡೆ, ಕನ್ನಡಿ

3.6 ಮೀಟರ್ ಉದ್ದ, 3.3 ಮೀಟರ್ ಅಗಲದ ಕೋಣೆಯಲ್ಲಿ 2016ರ ಮೊದಲ ಎಚ್‌ಟಿಸಿ ವೈವ್ (ತಲೆಗೆ ಹಾಕಿಕೊಂಡು ಆಡುವ ವಿಆರ್ ಹೆಡ್‌ಸೆಟ್) ಮತ್ತು ಅದು ಕೋಣೆಯಲ್ಲಿ ಎಲ್ಲಿದೆ ಎಂದು ತಿಳಿಯಲು ಮೂಲೆಗಳಲ್ಲಿ ಕೂರಿಸುವ ಎರಡು 1.0 ಬೇಸ್ ಸ್ಟೇಷನ್‌ಗಳನ್ನು ಕೂರಿಸಿದ ಕ್ರಮ ಇದು. ಓಡಾಡುತ್ತ ಆಡಲು ಕನಿಷ್ಠ 2 ಮೀಟರ್‌ಗೆ 1.5 ಮೀಟರ್ ಖಾಲಿ ಜಾಗ ಬೇಕು. ಮಂಚವನ್ನು ಗೋಡೆಗೆ ಒತ್ತಿದ ಮೇಲೆ ನನಗೆ 2.5 × 2.2 ಮೀಟರ್ ಸಿಕ್ಕಿತು. ಎರಡು ಸ್ಟೇಷನ್‌ಗಳ ನಡುವಿನ ಅಂತರ 5 ಮೀಟರ್ ದಾಟಬಾರದು. ಈ ಕೋಣೆಯ ಮೂಲೆಯಿಂದ ಮೂಲೆಗೆ 4.9 ಮೀಟರ್, ಅಂಚಿನಲ್ಲೇ ಉಳಿಯಿತು.

ಮೊಳೆ ಹೊಡೆಯುವ ಮುಂಚೆ ಆ ಡಬ್ಬಿಯ ಕೆಲಸ ಅರ್ಥವಾಗಿರಬೇಕು. ಹಲವರು ಅದನ್ನು ಕ್ಯಾಮೆರಾ ಅಂದುಕೊಳ್ಳುತ್ತಾರೆ. ಅದು ಕೋಣೆಯ ಚಿತ್ರ ಹಿಡಿಯುವುದಿಲ್ಲ. ಒಳಗಿನ ಎಲ್‌ಇಡಿಗಳು ಒಮ್ಮೆ ಮಿನುಗುತ್ತವೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ಆಮೇಲೆ ಸೆಕೆಂಡಿಗೆ 60 ಸುತ್ತು ತಿರುಗುವ ರೋಟರ್‌ನಿಂದ ಲೇಸರ್ ಗೆರೆಯೊಂದು ಕೋಣೆಯನ್ನು ಗುಡಿಸಿಕೊಂಡು ಹೋಗುತ್ತದೆ. ಅಡ್ಡಕ್ಕೆ ಒಂದು ರೋಟರ್, ಉದ್ದಕ್ಕೆ ಇನ್ನೊಂದು. ಹೆಡ್‌ಸೆಟ್‌ನಲ್ಲಿ 32, ಕೈಯಲ್ಲಿ ಹಿಡಿಯುವ ಒಂದೊಂದು ಕಂಟ್ರೋಲರ್‌ನಲ್ಲಿ 24 ಸೆನ್ಸರ್‌ಗಳಿವೆ. ಮಿನುಗಿದ ಕ್ಷಣದಿಂದ ಲೇಸರ್ ತಾಗುವ ಕ್ಷಣದವರೆಗೆ ಎಷ್ಟು ಹೊತ್ತಾಯಿತು ಎಂಬುದೇ ಕೋನದ ಲೆಕ್ಕ. ಒಂದು ಸುತ್ತಿಗೆ 16.67 ಮಿಲಿಸೆಕೆಂಡ್. ಅದರಲ್ಲಿ 1 ಮೈಕ್ರೋಸೆಕೆಂಡ್ ಹೆಚ್ಚುಕಮ್ಮಿಯಾದರೆ 3 ಮೀಟರ್ ದೂರದಲ್ಲಿ 1 ಮಿಲಿಮೀಟರ್‌ಗೂ ತುಸು ಹೆಚ್ಚು ವ್ಯತ್ಯಾಸ. ಮುಂದೆ ಹೇಳುವ ತೊಂದರೆಗಳೆಲ್ಲ ಹೆಚ್ಚಾಗಿ ಈ ಲೆಕ್ಕಕ್ಕೇ ಬಂದು ನಿಲ್ಲುತ್ತವೆ.

ಎದುರುಬದುರು ಮೂಲೆಗಳಲ್ಲಿ, ನೆಲದಿಂದ 2.2 ಮೀಟರ್ ಎತ್ತರದಲ್ಲಿ, 35 ಡಿಗ್ರಿ ಕೆಳಗೆ ಬಾಗಿಸಿ ಕೂರಿಸಿದೆ. ಎತ್ತರ 2 ಮೀಟರ್ ದಾಟಿರಬೇಕು, ಬಾಗು 30ರಿಂದ 45 ಡಿಗ್ರಿಯೊಳಗೆ ಇರಬೇಕು. ಸೀಲಿಂಗ್ ಫ್ಯಾನಿನ ರೆಕ್ಕೆಗಿಂತ ಕೆಳಗೇ ಇರಲಿ, ಇಲ್ಲವಾದರೆ ತಿರುಗುವ ರೆಕ್ಕೆ ಲೇಸರ್‌ಗೆ ಅಡ್ಡ ಬರುತ್ತದೆ. ಮೂಲೆಯಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಪಿಲ್ಲರ್ ಇರುವುದರಿಂದ ಸಾದಾ ಡ್ರಿಲ್ ಕೆಲಸಕ್ಕೆ ಬಾರದು, ಹ್ಯಾಮರ್ ಡ್ರಿಲ್ಲೇ ಬೇಕು. ಕಂಬಿ ತಾಗಿದರೆ ಒತ್ತಿ ಕೊರೆಯಬೇಡಿ, ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ.

ಡ್ರಿಲ್ ತಪ್ಪಿಸಲು ಬೀರುವಿನ ಮೇಲೆ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬೀರುವಿನ ಬಾಗಿಲು ಹಾಕಿದಾಗ ಸ್ಟೇಷನ್ 0.1 ಡಿಗ್ರಿ ಅಲುಗಿದರೂ 3 ಮೀಟರ್ ಆಚೆ 5 ಮಿಲಿಮೀಟರ್ ತಪ್ಪು, ತಲೆಗೆ ಹೆಡ್‌ಸೆಟ್ ಹಾಕಿದವರಿಗೆ ಇಡೀ ಲೋಕವೇ ನಡುಗಿದಂತೆ ಕಾಣುತ್ತದೆ. ಬಾಡಿಗೆ ಮನೆಯಾದರೆ ಭಾರವಾದ ಟ್ರೈಪಾಡ್ ಪರವಾಗಿಲ್ಲ. ಸ್ಟೇಷನ್‌ನಲ್ಲಿರುವುದು ಕ್ಯಾಮೆರಾದ ಕಾಲಿಂಚು ತಿರುಪೇ.

ಪ್ಲಗ್ ಪಾಯಿಂಟ್ ಅಷ್ಟು ಎತ್ತರದಲ್ಲಿ ಸಿಗುವುದು ಎಸಿ ಇರುವ ಗೋಡೆಯಲ್ಲಿ ಮಾತ್ರ. ಇನ್ನೊಂದು ಮೂಲೆಗೆ ಅಡಾಪ್ಟರನ್ನು ಕೆಳಗಿನ ಪಾಯಿಂಟ್‌ಗೇ ಸಿಕ್ಕಿಸಿ, 12 ವೋಲ್ಟ್‌ನ ವೈರನ್ನು ಪಿವಿಸಿ ಪಟ್ಟಿಯೊಳಗೆ ಮೇಲಕ್ಕೆ ಒಯ್ದೆ. ಎರಡೂ ಸ್ಟೇಷನ್‌ಗಳ ಸಾಲು ಇನ್ವರ್ಟರ್ ಮೇಲೆಯೇ ಇರಲಿ. ಕರೆಂಟು ಹೋದರೆ ರೋಟರ್ ನಿಂತು, ಮತ್ತೆ ವೇಗ ಹಿಡಿಯುವವರೆಗೆ ಕಾಯಬೇಕಾಗುತ್ತದೆ.

ಹಿಂದಿನ ಬಟನ್ ಒತ್ತಿ ಚಾನೆಲ್ ಆರಿಸಬೇಕು. ಎರಡರ ನಡುವೆ, ಅವುಗಳ ಹೊತ್ತು ಹೊಂದಿಸುವ ಸಿಂಕ್ ಕೇಬಲ್ ಎಳೆಯುವುದಾದರೆ ಎ ಮತ್ತು ಬಿ. ಕೇಬಲ್ ಇಲ್ಲದೆ ಒಂದಕ್ಕೊಂದು ನೇರ ಕಾಣುವಂತಿದ್ದರೆ ಬಿ ಮತ್ತು ಸಿ. ದೀಪ ಹಸಿರಾದರೆ ಸರಿಯಿದೆ. ನೇರಳೆಯಾದರೆ ಸಿಂಕ್‌ಗೆ ಏನೋ ಅಡ್ಡವಿದೆ. ನೀಲಿಯಲ್ಲೇ ನಿಂತರೆ ಅಲುಗಾಟ, ತಿರುಪು ಬಿಗಿ ಮಾಡಿ.

ಇಷ್ಟಾದ ಮೇಲೂ ಆಟದೊಳಗೆ ಕಾಣುವ ಕಂಟ್ರೋಲರ್ ಒಮ್ಮೊಮ್ಮೆ ಕೈಬಿಟ್ಟು ಹಾರಿಹೋಗುತ್ತಿತ್ತು. ಕಾರಣ ವಾರ್ಡ್‌ರೋಬ್ ಕನ್ನಡಿ. ಕನ್ನಡಿಗೆ ಬಡಿದು ಬಂದ ಲೇಸರ್ ಸೆನ್ಸರನ್ನು ತಪ್ಪು ಹೊತ್ತಿಗೆ ತಾಗುತ್ತದೆ. ಹೊತ್ತು ತಪ್ಪಿದರೆ ಕೋನವೂ ತಪ್ಪು. ದಪ್ಪ ಬೆಡ್‌ಶೀಟ್ ಹೊದಿಸಿದ ಮೇಲೆ ನಿಂತಿತು. ಟಿವಿ ಗಾಜು, ಫೋಟೋ ಫ್ರೇಮು, ಹೊಳಪು ಗ್ರಾನೈಟ್ ಎಲ್ಲವೂ ಇದೇ ಜಾತಿ. ಒಂದೊಂದನ್ನೇ ಮುಚ್ಚಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಹಾಸಿದ ಜಮಖಾನೆಯಿಂದ ಎರಡು ಉಪಯೋಗ: ಹೊಳಪೂ ಕಡಿಮೆ, ಜಾಗದ ನಡು ಎಲ್ಲಿ ಎಂಬುದು ಬರಿಗಾಲಿಗೂ ಗೊತ್ತಾಗುತ್ತದೆ. ಬಿಸಿಲು ನೇರ ಬೀಳುವ ಕಿಟಕಿಗೆ ಪರದೆ ಬೇಕೇ ಬೇಕು. ಬಿಸಿಲಿನ ಇನ್‌ಫ್ರಾರೆಡ್ ಸೆನ್ಸರ್‌ಗಳನ್ನು ಮಂಕಾಗಿಸುತ್ತದೆ. ಹೆಡ್‌ಸೆಟ್‌ನ ಲೆನ್ಸ್ ಮೇಲೆ ಬಿದ್ದರಂತೂ ಒಳಗಿನ ಸ್ಕ್ರೀನನ್ನೇ ಸುಡುತ್ತದೆ.

ಕೊನೆಗೆ, ಕಂಪ್ಯೂಟರ್‌ನಲ್ಲಿ ವೈವ್ ನಡೆಸುವ ತಂತ್ರಾಂಶವಾದ ಸ್ಟೀಮ್‌ವಿಆರ್‌ನ ರೂಮ್ ಸೆಟಪ್. ಕಂಟ್ರೋಲರ್‌ಗಳನ್ನು ಎರಡೂ ಸ್ಟೇಷನ್‌ಗಳಿಗೆ ಕಾಣುವಂತೆ ನೆಲದ ಮೇಲಿಟ್ಟು ನೆಲದ ಮಟ್ಟ ಹಿಡಿಸಿ, ಆಮೇಲೆ ಆಟದ ಜಾಗದ ಗಡಿ ಎಳೆಯಿರಿ. ಗಡಿಯನ್ನು ಮಂಚದಿಂದ ಒಂದು ಗೇಣು ಈಚೆಗೇ ಎಳೆದೆ, ಕೈ ಬೀಸುವಾಗ ಕಾಲು ನಿಂತಲ್ಲೇ ಇರುತ್ತದೆ, ಬೆರಳು ಮಾತ್ರ ಗಡಿ ದಾಟುತ್ತದೆ. ಸ್ಟೇಷನ್ ಸ್ವಲ್ಪ ಸರಿದರೂ ಈ ಸೆಟಪ್ ಮೊದಲಿನಿಂದ ಮಾಡಬೇಕು. ತೋರಿಸುವ ಗಡಿ ಸುತ್ತಲಿನದು ಮಾತ್ರ, ತಲೆಯ ಮೇಲಿನ ಫ್ಯಾನ್ ಅದರಲ್ಲಿ ಬರುವುದಿಲ್ಲ. ಆಟಕ್ಕೆ ಮುಂಚೆ ಅದನ್ನು ಆಫ್ ಮಾಡಿ, ಟೇಬಲ್ ಫ್ಯಾನ್ ಹಾಕಿಕೊಳ್ಳಿ.